ಪಾಡ್‌ಕಾಸ್ಟ್ ಆ್ಯಪ್ ನಿಂತುಹೋದಾಗ ಸಬ್‌ಸ್ಕ್ರಿಪ್ಷನ್ ಪಟ್ಟಿಯನ್ನು ಉಳಿಸಿಕೊಳ್ಳುವುದು ಹೇಗೆ

2018ರ ಜೂನ್‌ನಲ್ಲಿ ಬಂದ ಗೂಗಲ್ ಪಾಡ್‌ಕಾಸ್ಟ್ಸ್ ಆ್ಯಪ್ ಆರು ವರ್ಷ ಬಾಳಿತು. ಪಾಡ್‌ಕಾಸ್ಟ್ ಎಂದರೆ ಅಂತರ್ಜಾಲದಲ್ಲಿ ಸಂಚಿಕೆಗಳಾಗಿ ಬರುವ ಮಾತಿನ ಕಾರ್ಯಕ್ರಮ. 2023ರ ಸೆಪ್ಟೆಂಬರ್ 26ರಂದು ಗೂಗಲ್ ಸಂಸ್ಥೆಯು ಅದನ್ನು ಮರುವರ್ಷ ನಿಲ್ಲಿಸುವುದಾಗಿಯೂ, ಕೇಳುಗರು ಯೂಟ್ಯೂಬ್ ಮ್ಯೂಸಿಕ್‌ಗೆ ಹೋಗಬಹುದೆಂದೂ ಪ್ರಕಟಿಸಿತು. ಅಮೆರಿಕದಲ್ಲಿ 2024ರ ಏಪ್ರಿಲ್ 2ರವರೆಗೆ, ಭಾರತವೂ ಸೇರಿದಂತೆ ಉಳಿದ ದೇಶಗಳಲ್ಲಿ ಜೂನ್ 23ರವರೆಗೆ ಮಾತ್ರ ಅದರಲ್ಲಿ ಕೇಳಲು ಸಾಧ್ಯವಿತ್ತು; ನಮ್ಮಲ್ಲಿ ಸಬ್‌ಸ್ಕ್ರಿಪ್ಷನ್ ಪಟ್ಟಿಯನ್ನು, ಅಂದರೆ ಕೇಳಲೆಂದು ಆರಿಸಿಟ್ಟುಕೊಂಡ ಕಾರ್ಯಕ್ರಮಗಳ ಪಟ್ಟಿಯನ್ನು, ಹೊರತೆಗೆದುಕೊಳ್ಳಲು ಇದ್ದ ಕೊನೆಯ ದಿನ ಜುಲೈ 29. ಮುಚ್ಚುವ ಹೊತ್ತಿಗೆ ಪ್ಲೇ ಸ್ಟೋರ್‌ನಲ್ಲಿ ಅದರ ಡೌನ್‌ಲೋಡ್ ಎಣಿಕೆ 50 ಕೋಟಿ ದಾಟಿತ್ತು. ಯಾರೂ ಬಳಸದ ಆ್ಯಪನ್ನು ಮುಚ್ಚಿದರೆ ಯಾರಿಗೂ ಬೇಸರವಾಗುವುದಿಲ್ಲ. ಬೆಳಗಿನ ನಡಿಗೆಯಲ್ಲಿ, ಅಡುಗೆಮನೆಯಲ್ಲಿ, ಬಸ್ಸಿನಲ್ಲಿ ಪ್ರತಿದಿನ ಕಿವಿಗೆ ಹತ್ತಿರವಾಗಿದ್ದ ಆ್ಯಪನ್ನು ಮುಚ್ಚಿದರೆ ಆಗುವ ನೋವು ಬೇರೆ.

ಅದನ್ನು ಮುಚ್ಚಿದಾಗ ಕೇಳುಗರಿಗೆ ಬಂದ ಕೋಪಕ್ಕೆ ಕಾರಣಗಳಿದ್ದವು. ಅದೊಂದು ಬಹಳ ಹಗುರವಾದ ಆ್ಯಪ್. ಆಂಡ್ರಾಯ್ಡ್ ಫೋನಿನಲ್ಲಿ ಅದರ ಬಹುಪಾಲು ಕೆಲಸವನ್ನು ಮೊದಲೇ ಇರುವ ಗೂಗಲ್ ಆ್ಯಪೇ ಮಾಡುತ್ತಿದ್ದುದರಿಂದ ಹಳೆಯ, ಕಡಿಮೆ ಸ್ಥಳಾವಕಾಶದ ಫೋನುಗಳಲ್ಲಿಯೂ ಅದು ಭಾರವಾಗುತ್ತಿರಲಿಲ್ಲ. ಮೇಲೆ ನೀವು ಆರಿಸಿಕೊಂಡ ಕಾರ್ಯಕ್ರಮಗಳ ಚಿತ್ರಗಳ ಸಾಲು, ಕೆಳಗೆ ಹೊಸ ಸಂಚಿಕೆಗಳು ದಿನಾಂಕದ ಕ್ರಮದಲ್ಲಿ. ಫೋನಿನಲ್ಲಿ ಅರ್ಧ ಕೇಳಿದ್ದನ್ನು ಮನೆಯ ಸ್ಪೀಕರ್‌ನಲ್ಲಿ ಬಿಟ್ಟಲ್ಲಿಂದಲೇ ಮುಂದುವರಿಸಬಹುದಿತ್ತು. ಹಾಡುಗಳಿಗಾಗಿ ಕಟ್ಟಿದ ಆ್ಯಪಿನಲ್ಲಿ ಮಾತಿನ ಕಾರ್ಯಕ್ರಮಗಳನ್ನು ಒಂದು ಮೂಲೆಯಲ್ಲಿ ಹುಡುಕಿಕೊಳ್ಳಬೇಕಾಗಿ ಬಂದಾಗ ಈ ಸರಳತೆಯ ಬೆಲೆ ಅನೇಕರಿಗೆ ತಿಳಿಯಿತು. ಇದಕ್ಕಿಂತ ಹೆಚ್ಚು ನೋಯಿಸಿದ್ದು ಇದು ಮೊದಲ ಸಲವಲ್ಲ ಎಂಬುದು. 2009ರಲ್ಲಿ ಬಂದ ಗೂಗಲ್ ಲಿಸನ್ ಎಂಬ ಪಾಡ್‌ಕಾಸ್ಟ್ ಆ್ಯಪ್ 2012ರಲ್ಲಿ ನಿಂತಿತು. ಬ್ಲಾಗುಗಳನ್ನೂ ಸುದ್ದಿಗಳನ್ನೂ ಒಂದೆಡೆ ಓದಿಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈ 1ರಂದು ಮುಚ್ಚಿತು. ಅಮೆರಿಕ ಮತ್ತು ಕೆನಡಾಗಳಲ್ಲಿ 2016ರಿಂದ ಗೂಗಲ್ ಪ್ಲೇ ಮ್ಯೂಸಿಕ್‌ನಲ್ಲಿ ಪಾಡ್‌ಕಾಸ್ಟ್ ಕೇಳುತ್ತಿದ್ದವರನ್ನು 2020ರಲ್ಲಿ ಗೂಗಲ್ ಪಾಡ್‌ಕಾಸ್ಟ್ಸ್‌ಗೆ ಕಳುಹಿಸಲಾಯಿತು, ನಾಲ್ಕು ವರ್ಷಗಳೊಳಗೆ ಅಲ್ಲಿಂದಲೂ ಎಬ್ಬಿಸಲಾಯಿತು. ಗೂಗಲ್ ಒಂದೇ ಹೀಗೆ ಮಾಡಿತೆಂದೂ ಅಲ್ಲ. ಅಮೆರಿಕದ ಹಳೆಯ ಪಾಡ್‌ಕಾಸ್ಟ್ ಆ್ಯಪ್‌ಗಳಲ್ಲಿ ಒಂದಾದ ಸ್ಟಿಚರ್ 2023ರ ಆಗಸ್ಟ್ 29ರಂದು ನಿಂತುಹೋಯಿತು.

ಮತ್ತೊಂದು ಆ್ಯಪ್ ಹೀಗೆಯೇ ಮುಚ್ಚುವ ದಿನ ಬಂದೇ ಬರುತ್ತದೆ ಎಂದು ಒಪ್ಪಿಕೊಂಡು, ಆ ದಿನ ನಿಮ್ಮ ಪಟ್ಟಿಯು ನಿಮ್ಮ ಕೈಯಲ್ಲಿಯೇ ಇರುವಂತೆ ಮಾಡಿಕೊಳ್ಳುವುದು ಹೇಗೆಂದು ಈ ಬರಹದಲ್ಲಿ ವಿವರಿಸಿದ್ದೇನೆ. ಗಡುವು ಮುಗಿದ ಮೇಲೆ ಎಚ್ಚೆತ್ತವರಿಗೂ ಇದರಲ್ಲಿ ದಾರಿಯಿದೆ.

ಆ್ಯಪ್ ಬೇರೆ, ಪಾಡ್‌ಕಾಸ್ಟ್ ಬೇರೆ

ಆ್ಯಪ್ ಮುಚ್ಚುತ್ತದೆ ಎಂಬ ಸುದ್ದಿ ಕೇಳಿದೊಡನೆ ಬಹಳ ಜನ ತಾವು ಕೇಳುತ್ತಿದ್ದ ಕಾರ್ಯಕ್ರಮಗಳೇ ಹೋದವು ಎಂದು ಭಾವಿಸುತ್ತಾರೆ. ಹಾಗಲ್ಲ. ಮನೆಗೆ ದಿನಪತ್ರಿಕೆ ತಂದು ಹಾಕುವ ಏಜೆಂಟರು ಕೆಲಸ ಬಿಟ್ಟರೆ ಪತ್ರಿಕೆಯ ಮುದ್ರಣ ನಿಲ್ಲುವುದಿಲ್ಲ. ಬೇರೊಬ್ಬ ಏಜೆಂಟರಿಗೆ ನಮಗೆ ಬೇಕಾದ ಪತ್ರಿಕೆಗಳ ಹೆಸರನ್ನು ಬರೆದುಕೊಟ್ಟರೆ ಮರುದಿನದಿಂದ ಅವೇ ಪತ್ರಿಕೆಗಳು ಬಾಗಿಲಿಗೆ ಬಂದು ಬೀಳುತ್ತವೆ. ಪಾಡ್‌ಕಾಸ್ಟ್ ಆ್ಯಪ್ ಮಾಡುವುದು ಈ ಏಜೆಂಟರ ಕೆಲಸವನ್ನೇ.

ಕಾರ್ಯಕ್ರಮ ತಯಾರಿಸುವವರು ತಮ್ಮ ಧ್ವನಿ ಕಡತಗಳನ್ನು ಯಾವುದೋ ಒಂದು ಸರ್ವರ್‌ನಲ್ಲಿ ಇಟ್ಟು, ಜೊತೆಗೆ ಆರ್‌ಎಸ್‌ಎಸ್ ಫೀಡ್ ಎಂಬ ಒಂದು ಸಣ್ಣ ಪಠ್ಯ ಕಡತವನ್ನು ಪ್ರಕಟಿಸುತ್ತಾರೆ. ಅದರಲ್ಲಿ ಕಾರ್ಯಕ್ರಮದ ಹೆಸರು, ಪ್ರತಿಯೊಂದು ಸಂಚಿಕೆಯ ಶೀರ್ಷಿಕೆ, ದಿನಾಂಕ, ಧ್ವನಿ ಕಡತ ಇರುವ ಜಾಗ ಇವೆಲ್ಲ ಇರುತ್ತವೆ. ಆ್ಯಪ್ ಆಗಾಗ ಆ ಫೀಡ್‌ನ ವಿಳಾಸಕ್ಕೆ ಹೋಗಿ ಹೊಸದೇನಾದರೂ ಬಂದಿದೆಯೇ ಎಂದು ನೋಡಿ ನಿಮಗೆ ತಿಳಿಸುತ್ತದೆ. 2005ರ ಜೂನ್‌ನಲ್ಲಿ ಆ್ಯಪಲ್ ತನ್ನ ಐಟ್ಯೂನ್ಸ್‌ಗೆ ಪಾಡ್‌ಕಾಸ್ಟ್ ಸೇರಿಸಿದಾಗ ಇದ್ದ ಏರ್ಪಾಡು ಇದೇ, ಇಂದಿಗೂ ಬಹುಪಾಲು ನಡೆಯುತ್ತಿರುವುದು ಇದರ ಮೇಲೆಯೇ. ಆದ್ದರಿಂದ ನೀವು ಉಳಿಸಿಕೊಳ್ಳಬೇಕಾದದ್ದು ಫೀಡ್ ವಿಳಾಸಗಳ ಪಟ್ಟಿಯನ್ನು. ಇಂತಹ ಪಟ್ಟಿಯನ್ನು ಒಂದೇ ಕಡತದಲ್ಲಿ ಕಟ್ಟಿಕೊಡುವ ರೂಪಕ್ಕೆ ಓಪಿಎಂಎಲ್ ಎಂದು ಹೆಸರು. ನೂರು ಕಾರ್ಯಕ್ರಮಗಳಿದ್ದರೂ ಆ ಕಡತ ಕೆಲವೇ ಕೆಬಿಗಳಷ್ಟಿರುತ್ತದೆ. ಒಂದು ಫೋಟೋ ಹಿಡಿಯುವ ಜಾಗದಲ್ಲಿ ಇಂತಹ ಹತ್ತಾರು ಕಡತಗಳು ಹಿಡಿಯುತ್ತವೆ.

ಇದಕ್ಕೆ ಹೊರತಾದವೂ ಇವೆ. ಕೆಲವು ಕಾರ್ಯಕ್ರಮಗಳು ಒಂದೇ ಕಂಪನಿಯ ಆ್ಯಪಿನಲ್ಲಿ ಮಾತ್ರ ಸಿಗುತ್ತವೆ, ಅವುಗಳಿಗೆ ಹೊರಗೆ ಫೀಡ್ ಇರುವುದಿಲ್ಲ. ಹಾಡುಗಳ ಆ್ಯಪ್‌ಗಳಲ್ಲಿ ಮಾತ್ರ ಬರುವ ಕನ್ನಡದ ಕೆಲವು ಕಾರ್ಯಕ್ರಮಗಳೂ ಈ ಗುಂಪಿನವು. ಅಂಥವನ್ನು ಯಾವ ಕಡತದಲ್ಲಿಯೂ ಹೊತ್ತೊಯ್ಯಲಾಗದು. ಅವುಗಳ ಹೆಸರನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳುವುದೇ ಸದ್ಯದ ಉಪಾಯ.

ಮುಚ್ಚುವ ಪ್ರಕಟಣೆ ಬಂದ ದಿನ ಮಾಡಬೇಕಾದ ಕೆಲಸ

ಮೊದಲಿಗೆ ಪ್ರಕಟಣೆಯಲ್ಲಿರುವ ದಿನಾಂಕಗಳನ್ನು ಎಚ್ಚರಿಕೆಯಿಂದ ಓದಿ. ಸಾಮಾನ್ಯವಾಗಿ ಅಲ್ಲಿ ಎರಡು ದಿನಾಂಕಗಳಿರುತ್ತವೆ: ಆ್ಯಪಿನಲ್ಲಿ ಕೇಳಲು ಕೊನೆಯ ದಿನ ಒಂದು, ಪಟ್ಟಿಯನ್ನು ಹೊರತೆಗೆಯಲು ಕೊನೆಯ ದಿನ ಇನ್ನೊಂದು. ದೇಶದಿಂದ ದೇಶಕ್ಕೂ ಅವು ಬದಲಾಗಬಹುದು. ಗೂಗಲ್ ಪಾಡ್‌ಕಾಸ್ಟ್ಸ್ ಮುಚ್ಚಿದಾಗ ಮಗಳು ಅಮೆರಿಕದಲ್ಲಿ, ತಂದೆತಾಯಿ ಕರ್ನಾಟಕದಲ್ಲಿ ಇರುವ ಮನೆಗಳಲ್ಲಿ ಒಂದೇ ಆ್ಯಪ್ ಎರಡು ಬೇರೆ ಬೇರೆ ತಿಂಗಳುಗಳಲ್ಲಿ ನಿಂತಿತು. ದೂರದಲ್ಲಿರುವ ಮಕ್ಕಳು ತಮ್ಮ ಗಡುವನ್ನೇ ಮನೆಯವರ ಗಡುವೆಂದು ತಿಳಿಯಬಾರದು; ಅಲ್ಲಿಯ ಸುದ್ದಿಯನ್ನು ಓದಿ ಇಲ್ಲಿಯೂ ಹಾಗೆಯೇ ಎಂದು ಭಾವಿಸಿದರೆ ತಪ್ಪು ಯಾವ ದಿಕ್ಕಿಗಾದರೂ ಆಗಬಹುದು.

ಎರಡನೆಯದಾಗಿ, ಕಂಪನಿ ತೋರಿಸುವ ಹೊಸ ಮನೆಗೆ ಹೋಗುವ ಮನಸ್ಸಿದ್ದರೂ ಇಲ್ಲದಿದ್ದರೂ ಓಪಿಎಂಎಲ್ ಕಡತವನ್ನು ಇಳಿಸಿಕೊಳ್ಳಿ. ಗೂಗಲ್ ಕೊಟ್ಟಿದ್ದ ಸೌಲಭ್ಯದಲ್ಲಿ ಎರಡು ಗುಂಡಿಗಳಿದ್ದವು: ನೇರವಾಗಿ ಯೂಟ್ಯೂಬ್ ಮ್ಯೂಸಿಕ್‌ಗೆ ಕಳುಹಿಸುವುದು ಒಂದು, ಕಡತವಾಗಿ ಹೊರತೆಗೆಯುವುದು ಇನ್ನೊಂದು. ಮೊದಲನೆಯದನ್ನು ಮಾತ್ರ ಒತ್ತಿದವರು ಆಮೇಲೆ ಆ ಆ್ಯಪ್ ಹಿಡಿಸದೆ ಬೇರೆಡೆಗೆ ಹೋಗಬೇಕೆಂದಾಗ ಕೈಯಲ್ಲಿ ಕಡತವಿಲ್ಲದೆ ಪೇಚಾಡಬೇಕಾಯಿತು. ಎರಡನ್ನೂ ಮಾಡಿಕೊಳ್ಳುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ.

ಬೇರೆ ಆ್ಯಪ್‌ಗಳಲ್ಲಿ ಈ ಸೌಲಭ್ಯವನ್ನು ಸೆಟ್ಟಿಂಗ್ಸ್ ಒಳಗೆ ಹುಡುಕಬೇಕು. ಪಾಕೆಟ್ ಕಾಸ್ಟ್ಸ್‌ನಲ್ಲಿ ಪ್ರೊಫೈಲ್‌ಗೆ ಹೋಗಿ ಸೆಟ್ಟಿಂಗ್ಸ್ ತೆರೆದರೆ ಇಂಪೋರ್ಟ್, ಎಕ್ಸ್‌ಪೋರ್ಟ್ ಎಂಬ ಸಾಲು ಸಿಗುತ್ತದೆ. ಆ್ಯಂಟೆನಾಪಾಡ್‌ನ ಸೆಟ್ಟಿಂಗ್ಸ್‌ನಲ್ಲಿಯೂ ಅದೇ ಹೆಸರಿನ ವಿಭಾಗವಿದೆ. ಐಫೋನಿನ ಓವರ್‌ಕಾಸ್ಟ್‌ನಲ್ಲಿಯೂ ಸೆಟ್ಟಿಂಗ್ಸ್‌ನಿಂದಲೇ ಓಪಿಎಂಎಲ್ ಹೊರತೆಗೆಯಬಹುದು. ಹೊರತೆಗೆದ ಕಡತ ಫೋನಿನ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಕುಳಿತರೆ ಸಾಲದು. ಅದನ್ನು ನಿಮ್ಮದೇ ವಿಳಾಸಕ್ಕೆ ಇಮೇಲ್ ಮಾಡಿಕೊಳ್ಳಿ. ವಿಷಯದ ಸಾಲಿನಲ್ಲಿ ‘ಪಾಡ್‌ಕಾಸ್ಟ್ ಪಟ್ಟಿ’ ಎಂದೂ ದಿನಾಂಕವನ್ನೂ ಬರೆಯಿರಿ. ಎರಡು ವರ್ಷಗಳ ನಂತರ ಹುಡುಕುವಾಗ ಆ ಎರಡು ಪದಗಳು ನೆರವಿಗೆ ಬರುತ್ತವೆ.

ಕಡತ ಸರಿಯಾಗಿದೆಯೇ ಎಂದು ಒಮ್ಮೆ ತೆರೆದು ನೋಡುವುದು ಒಳ್ಳೆಯದು. ಕಂಪ್ಯೂಟರಿನಲ್ಲಿ ನೋಟ್‌ಪ್ಯಾಡ್‌ನಂತಹ ಸಾಮಾನ್ಯ ತಂತ್ರಾಂಶದಲ್ಲಿ ಅದು ತೆರೆಯುತ್ತದೆ. ಕೋನಾಕಾರದ ಆವರಣ ಚಿಹ್ನೆಗಳನ್ನು ಕಂಡು ಗಾಬರಿಯಾಗಬೇಡಿ. ಅವುಗಳ ನಡುವೆ ನಿಮ್ಮ ಕಾರ್ಯಕ್ರಮಗಳ ಹೆಸರುಗಳೂ, ಪ್ರತಿ ಹೆಸರಿನ ಪಕ್ಕದಲ್ಲಿ ಎಚ್‌ಟಿಟಿಪಿಯಿಂದ ಆರಂಭವಾಗುವ ಒಂದು ವಿಳಾಸವೂ ಕಾಣಿಸಬೇಕು. ಹೆಸರುಗಳನ್ನು ಎಣಿಸಿ. ಆ್ಯಪಿನಲ್ಲಿ ಮೂವತ್ತು ಕಾರ್ಯಕ್ರಮಗಳಿದ್ದು ಕಡತದಲ್ಲಿ ಇಪ್ಪತ್ತೇ ಇದ್ದರೆ, ಆ ವ್ಯತ್ಯಾಸವನ್ನು ಗಡುವಿನ ಒಳಗೇ ಕಂಡುಹಿಡಿದದ್ದು ನಿಮ್ಮ ಅದೃಷ್ಟ.

ಹಣ ಕೊಟ್ಟು ಕೇಳುವ ಕಾರ್ಯಕ್ರಮಗಳಿದ್ದರೆ ಒಂದು ಎಚ್ಚರಿಕೆ. ಪೇಟ್ರಿಯಾನ್‌ನಂತಹ ಕಡೆ ಬೆಂಬಲಿಗರಿಗೆ ಕೊಡುವ ಫೀಡ್ ವಿಳಾಸವು ಒಬ್ಬೊಬ್ಬರಿಗೆ ಒಂದೊಂದಾಗಿರುತ್ತದೆ, ಅದೊಂದು ಬೀಗದ ಕೈ ಇದ್ದಂತೆ. ಓಪಿಎಂಎಲ್ ಕಡತದಲ್ಲಿ ಆ ವಿಳಾಸವೂ ಇರಬಹುದು. ಆದ್ದರಿಂದ ಆ ಕಡತವನ್ನು ಹತ್ತು ಜನರಿರುವ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಮೊದಲು ಅಂತಹ ಸಾಲುಗಳನ್ನು ಅಳಿಸಿ.

ಕಡತದಲ್ಲಿ ಬಾರದಿರುವುದು

ಓಪಿಎಂಎಲ್ ಕಡತ ಹೊತ್ತು ತರುವುದು ಹೆಸರು ಮತ್ತು ವಿಳಾಸಗಳನ್ನು ಮಾತ್ರ. ಯಾವ ಸಂಚಿಕೆಯನ್ನು ಕೇಳಿ ಮುಗಿಸಿದ್ದೀರಿ, ಯಾವುದನ್ನು ಮೂವತ್ತೇಳನೆಯ ನಿಮಿಷದಲ್ಲಿ ಬಿಟ್ಟಿದ್ದೀರಿ, ಮುಂದೆ ಕೇಳಬೇಕೆಂದು ಯಾವುದನ್ನು ಸಾಲಿನಲ್ಲಿ ಇಟ್ಟಿದ್ದೀರಿ ಎಂಬುದು ಅದರಲ್ಲಿ ಇರುವುದಿಲ್ಲ. ವರ್ಷಗಟ್ಟಲೆ ಕೇಳಿದವರಿಗೆ ಅತ್ಯಂತ ಕಸಿವಿಸಿ ಉಂಟುಮಾಡುವುದು ಇದೇ, ಏಕೆಂದರೆ ಹೊಸ ಆ್ಯಪ್ ತೆರೆದಾಗ ನೂರಾರು ಹಳೆಯ ಸಂಚಿಕೆಗಳು ಕೇಳದವೆಂಬಂತೆ ಸಾಲಾಗಿ ನಿಂತಿರುತ್ತವೆ.

ಇದಕ್ಕೆ ಪೂರ್ಣ ಪರಿಹಾರವಿಲ್ಲದಿದ್ದರೂ ಅರ್ಧ ಗಂಟೆಯ ಕೆಲಸದಿಂದ ಬಹಳಷ್ಟನ್ನು ಉಳಿಸಿಕೊಳ್ಳಬಹುದು. ಹಳೆಯ ಆ್ಯಪಿನಲ್ಲಿ ‘ಮುಂದೆ ಕೇಳಬೇಕಾದವು’ ಇರುವ ಪುಟವನ್ನು ತೆರೆದು ಸ್ಕ್ರೀನ್‌ಶಾಟ್ ತೆಗೆಯಿರಿ. ಪುಟ ಉದ್ದವಾಗಿದ್ದರೆ ನಾಲ್ಕಾರು ಸ್ಕ್ರೀನ್‌ಶಾಟ್‌ಗಳಾದರೂ ಸರಿ. ಅರ್ಧ ಕೇಳಿದ ಸಂಚಿಕೆಗಳ ಹೆಸರು ಮತ್ತು ನಿಮಿಷವನ್ನು ಕೈಯಲ್ಲಿ ಬರೆದುಕೊಳ್ಳಿ. ಧಾರಾವಾಹಿಯಂತೆ ಕ್ರಮವಾಗಿ ಕೇಳುವ ಕಾರ್ಯಕ್ರಮಗಳಿಗೆ, ಅಂದರೆ ಇತಿಹಾಸದ ಸರಣಿ, ಭಾಷಾಪಾಠ, ಪುರಾಣ ಪ್ರವಚನ ಇಂಥವಕ್ಕೆ, ಕೊನೆಯದಾಗಿ ಕೇಳಿದ ಸಂಚಿಕೆಯ ಸಂಖ್ಯೆ ಮುಖ್ಯ. ದಿನದ ಸುದ್ದಿಯಂತಹ ಕಾರ್ಯಕ್ರಮಗಳಿಗೆ ಈ ಶ್ರಮ ಬೇಕಿಲ್ಲ.

ಡೌನ್‌ಲೋಡ್ ಮಾಡಿಟ್ಟ ಸಂಚಿಕೆಗಳ ಬಗ್ಗೆಯೂ ತಪ್ಪು ನಂಬಿಕೆಯಿದೆ. ಅವು ಫೋನಿನಲ್ಲಿವೆ ಎಂದ ಮಾತ್ರಕ್ಕೆ ಸುರಕ್ಷಿತವಲ್ಲ. ಬಹುತೇಕ ಆ್ಯಪ್‌ಗಳು ಅವನ್ನು ತಮ್ಮದೇ ಒಳಕೋಣೆಯಲ್ಲಿ ಇಟ್ಟುಕೊಂಡಿರುತ್ತವೆ, ಆ್ಯಪನ್ನು ಅನ್‌ಇನ್‌ಸ್ಟಾಲ್ ಮಾಡಿದೊಡನೆ ಅವೂ ಹೋಗುತ್ತವೆ. ಕಾರ್ಯಕ್ರಮವೇ ನಿಂತುಹೋಗಿ ಅದರ ಫೀಡ್ ಕೂಡ ಸತ್ತಿದ್ದರೆ ಆ ಸಂಚಿಕೆ ಮತ್ತೆ ಸಿಗದಿರಬಹುದು. ನಿಮಗೆ ಪ್ರಿಯವಾದ ಒಂದು ಸಂದರ್ಶನವೋ, ಈಗಿಲ್ಲದವರೊಬ್ಬರ ಧ್ವನಿಯೋ ಅದರಲ್ಲಿದ್ದರೆ, ಫೀಡ್ ಬದುಕಿರುವಾಗಲೇ ಕಾರ್ಯಕ್ರಮದ ಜಾಲತಾಣದಿಂದ ಎಂಪಿ3 ಕಡತವಾಗಿ ಇಳಿಸಿ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಿ. ಹೊಸ ಆ್ಯಪ್ ಎಲ್ಲ ರೀತಿಯಿಂದಲೂ ನೆಲೆ ನಿಲ್ಲುವವರೆಗೆ ಹಳೆಯದನ್ನು ಅಳಿಸಬಾರದು ಎಂಬುದನ್ನು ನಾನು ಒತ್ತಿ ಹೇಳುತ್ತೇನೆ.

ಗಡುವು ಕಳೆದ ಮೇಲೆ ಪಟ್ಟಿಯನ್ನು ಮರಳಿ ಕಟ್ಟುವುದು

ಮೈಸೂರಿನಲ್ಲಿರುವ ನನ್ನ ಸೋದರತ್ತೆಯವರು ಬಳಸುತ್ತಿದ್ದ ಆ್ಯಪ್ ಒಂದು ದಿನ ತೆರೆಯಲೇ ಇಲ್ಲ. ಅವರಿಗೆ ಬಂದಿದ್ದ ಎಚ್ಚರಿಕೆಯ ಇಮೇಲು ಜಾಹೀರಾತುಗಳ ರಾಶಿಯಲ್ಲಿ ಹೂತುಹೋಗಿತ್ತು. ‘ಅಷ್ಟು ವರ್ಷ ಕೂಡಿಸಿಟ್ಟದ್ದು, ಒಂದು ಮಾತೂ ಹೇಳದೆ ತೆಗೆದುಬಿಟ್ಟರಲ್ಲೋ’ ಎಂದು ಅವರು ಫೋನ್ ಮಾಡಿದಾಗ ನನಗೆ ಬಹಳ ಸಂಕಟವಾಯಿತು. ಮುಂದಿನ ಭಾನುವಾರ ಇಬ್ಬರೂ ಕುಳಿತು ನೆನಪಿನಿಂದ, ಹಳೆಯ ಸಂದೇಶಗಳಿಂದ ಹೆಕ್ಕಿ ಹೆಕ್ಕಿ ಇಪ್ಪತ್ಮೂರರಲ್ಲಿ ಹತ್ತೊಂಬತ್ತು ಕಾರ್ಯಕ್ರಮಗಳನ್ನು ಮರಳಿ ಪಡೆದೆವು. ಆ ಅನುಭವದಿಂದ ಕಲಿತದ್ದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು ನೀವು ಇತರರಿಗೆ ಕಳುಹಿಸಿದ ಕೊಂಡಿಗಳನ್ನು ಹುಡುಕಿ. ಒಳ್ಳೆಯ ಸಂಚಿಕೆ ಕೇಳಿದಾಗ ಯಾರಿಗಾದರೂ ಕಳುಹಿಸುವುದು ಎಲ್ಲರ ಅಭ್ಯಾಸ. ವಾಟ್ಸ್‌ಆ್ಯಪ್‌ನ ಹುಡುಕು ಪಟ್ಟಿಯಲ್ಲಿ ‘ಪಾಡ್‌ಕಾಸ್ಟ್’ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿದರೆ ಹಳೆಯ ಕೊಂಡಿಗಳು ಎದ್ದುಬರುತ್ತವೆ. ಇಮೇಲ್‌ನಲ್ಲಿಯೂ ಬ್ರೌಸರಿನ ಇತಿಹಾಸದಲ್ಲಿಯೂ ಹೀಗೆಯೇ ಹುಡುಕಬಹುದು.

ಗೂಗಲ್ ಪಾಡ್‌ಕಾಸ್ಟ್ಸ್ ಬಳಸುತ್ತಿದ್ದವರಿಗೆ ಇಲ್ಲೊಂದು ಒಳ್ಳೆಯ ಸಂಗತಿ ಇದೆ. ಅದರ ಕೊಂಡಿಗಳನ್ನು ಈಗ ಒತ್ತಿದರೆ ಕಾರ್ಯಕ್ರಮ ತೆರೆಯುವುದಿಲ್ಲ, ಆದರೆ ಆ ಕೊಂಡಿಯ ಒಳಗೇ ಕಾರ್ಯಕ್ರಮದ ನಿಜವಾದ ಫೀಡ್ ವಿಳಾಸ ಅಡಗಿದೆ. ಕೊಂಡಿಯಲ್ಲಿ ‘ಫೀಡ್’ ಎಂಬ ಇಂಗ್ಲಿಷ್ ಪದ ಮತ್ತು ಒಂದು ಓರೆಗೆರೆ ಆದ ಮೇಲೆ ಅರ್ಥವಿಲ್ಲದಂತೆ ಕಾಣುವ ಉದ್ದನೆಯ ಅಕ್ಷರಮಾಲೆ ಇರುತ್ತದೆ. ಅದು ಸಾಮಾನ್ಯವಾಗಿ ಸಣ್ಣ ಎ, ದೊಡ್ಡ ಎಚ್, ದೊಡ್ಡ ಆರ್, ಸೊನ್ನೆ, ಸಣ್ಣ ಸಿ ಎಂದು ಆರಂಭವಾಗುತ್ತದೆ. ಅದು ಬೇಸ್64 ಎಂಬ ಸಂಕೇತದಲ್ಲಿ ಬರೆದ ಜಾಲವಿಳಾಸ. ಎಚ್‌ಟಿಟಿಪಿ ಎಂಬ ನಾಲ್ಕು ಅಕ್ಷರಗಳು ಆ ಸಂಕೇತದಲ್ಲಿ ಹಾಗೆ ಕಾಣುತ್ತವೆ. ಆ ಅಕ್ಷರಮಾಲೆಯನ್ನು ಮುಂದಿನ ಓರೆಗೆರೆ ಅಥವಾ ಪ್ರಶ್ನಾರ್ಥಕ ಚಿಹ್ನೆ ಬರುವವರೆಗೆ ಮಾತ್ರ ನಕಲು ಮಾಡಿ. ‘ಎಪಿಸೋಡ್’ ಎಂಬ ಪದದ ನಂತರ ಇನ್ನೊಂದು ಅಕ್ಷರಮಾಲೆ ಇದ್ದರೆ ಅದು ಸಂಚಿಕೆಗೆ ಸೇರಿದ್ದು, ಅದು ನಮಗೆ ಬೇಡ. ಬಳಿಕ ಬೇಸ್64 ಡಿಕೋಡರ್ ಎಂದು ಹುಡುಕಿದರೆ ಸಿಗುವ ಯಾವುದಾದರೂ ಜಾಲಪುಟದಲ್ಲಿ ಅದನ್ನು ಅಂಟಿಸಿ ಬಿಡಿಸಿದರೆ ಫೀಡ್ ವಿಳಾಸ ಸಾಫಾಗಿ ಹೊರಬರುತ್ತದೆ. ಹಣ ಕೊಟ್ಟ ಖಾಸಗಿ ಫೀಡ್ ಆಗಿದ್ದರೆ ಮಾತ್ರ ಅಪರಿಚಿತ ಜಾಲಪುಟಕ್ಕೆ ಅಂಟಿಸಬೇಡಿ. ಮ್ಯಾಕ್ ಅಥವಾ ಲಿನಕ್ಸ್ ಕಂಪ್ಯೂಟರಿನಲ್ಲಿ ಈ ಸಂಕೇತ ಬಿಡಿಸುವ ಸಾಧನ ಮೊದಲೇ ಇರುತ್ತದೆ, ಬಲ್ಲವರ ಸಹಾಯ ಪಡೆಯಿರಿ.

ಕೊಂಡಿಗಳು ಸಿಗದಿದ್ದವುಗಳನ್ನು ಹೆಸರಿನಿಂದ ಹುಡುಕಬೇಕು. ಆ್ಯಂಟೆನಾಪಾಡ್ ಹುಡುಕುವುದು ಆ್ಯಪಲ್‌ನ ಪಾಡ್‌ಕಾಸ್ಟ್ ಕೋಶದಲ್ಲಿ ಮತ್ತು ಪಾಡ್‌ಕಾಸ್ಟ್ ಇಂಡೆಕ್ಸ್ ಎಂಬ ಮುಕ್ತ ಕೋಶದಲ್ಲಿ. ಒಂದರಲ್ಲಿ ಸಿಗದ ಕಾರ್ಯಕ್ರಮ ಇನ್ನೊಂದರಲ್ಲಿ ಸಿಗಬಹುದು. ಕನ್ನಡ ಕಾರ್ಯಕ್ರಮಗಳನ್ನು ಹುಡುಕುವಾಗ ಎರಡು ಲಿಪಿಗಳಲ್ಲಿಯೂ ಪ್ರಯತ್ನಿಸಬೇಕು. ‘ತಲೆ-ಹರಟೆ’ಯಂತಹ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಒಬ್ಬರು ‘ಟಿ’ ಮಾತ್ರ ಹಾಕುತ್ತಾರೆ, ಇನ್ನೊಬ್ಬರು ‘ಟಿಎಚ್’ ಹಾಕುತ್ತಾರೆ. ನಡುವಿನ ಗೆರೆ ಇದ್ದರೆ ಒಂದು, ಇಲ್ಲದಿದ್ದರೆ ಇನ್ನೊಂದು. ಹೆಸರಿನ ಜೊತೆ ‘ಕನ್ನಡ’ ಎಂಬ ಪದವನ್ನು ಸೇರಿಸಿ ಹುಡುಕಿದರೆ ಬೇಗ ಸಿಗುತ್ತದೆ. ಸೋದರತ್ತೆಯವರ ಪಟ್ಟಿಯಲ್ಲಿ ಸಿಗಲಾರವು ಎಂದುಕೊಂಡಿದ್ದ ಮೂರು ಕಾರ್ಯಕ್ರಮಗಳು ನಮಗೆ ದೊರೆತದ್ದು ಕಾಗುಣಿತ ಬದಲಿಸಿದ ಮೇಲೆಯೇ.

ಹೆಸರೂ ನೆನಪಿಲ್ಲದಿದ್ದರೆ ನಿರೂಪಕರ ಹೆಸರಿನಿಂದಲೋ, ಅದರಲ್ಲಿ ಬಂದ ಅತಿಥಿಯೊಬ್ಬರ ಹೆಸರಿನಿಂದಲೋ ಹುಡುಕಿ. ಕಾರ್ಯಕ್ರಮ ಯೂಟ್ಯೂಬ್‌ನಲ್ಲಿದ್ದರೆ ಅದರ ವಿವರಣೆಯ ಭಾಗದಲ್ಲಿ ಬೇರೆಡೆಯ ಕೊಂಡಿಗಳಿರುತ್ತವೆ. ಅಲ್ಲಿಯೂ ಇಲ್ಲದಿದ್ದರೆ ನಿರೂಪಕರಿಗೇ ಒಂದು ಸಂದೇಶ ಬರೆದು ಫೀಡ್ ವಿಳಾಸ ಕೇಳಿ; ಕನ್ನಡದಲ್ಲಿ ಪಾಡ್‌ಕಾಸ್ಟ್ ಮಾಡುವವರಲ್ಲಿ ಬಹಳಷ್ಟು ಜನ ತಮ್ಮ ಬಿಡುವಿನ ವೇಳೆಯಲ್ಲಿ ಪ್ರೀತಿಯಿಂದ ಮಾಡುವವರು, ಕೇಳುಗರೊಬ್ಬರು ಹುಡುಕಿಕೊಂಡು ಬಂದರೆಂದು ಅವರಿಗೆ ಸಂತೋಷವೇ ಆಗುತ್ತದೆ.

ಹೊಸ ಆ್ಯಪನ್ನು ಆರಿಸುವಾಗ

ನಾನು ಮೊದಲು ನೋಡುವುದು ಒಂದೇ ಗುಣವನ್ನು: ಒಳಗೆ ಬರಲು ಬಾಗಿಲು ಇರುವಂತೆ ಹೊರಗೆ ಹೋಗಲೂ ಬಾಗಿಲು ಇದೆಯೇ? ಅಂದರೆ ಓಪಿಎಂಎಲ್ ಇಂಪೋರ್ಟ್ ಜೊತೆಗೆ ಎಕ್ಸ್‌ಪೋರ್ಟ್ ಕೂಡ ಇರಬೇಕು, ಫೀಡ್ ವಿಳಾಸವನ್ನು ನೇರವಾಗಿ ಅಂಟಿಸಿ ಕಾರ್ಯಕ್ರಮ ಸೇರಿಸುವ ಅವಕಾಶ ಇರಬೇಕು. ಇವಿಲ್ಲದ ಆ್ಯಪ್ ಎಷ್ಟೇ ಸುಂದರವಾಗಿದ್ದರೂ ನಾಳೆ ಅದು ಮುಚ್ಚಿದರೆ ಮತ್ತೆ ಇದೇ ಸಂಕಟ.

ಆಂಡ್ರಾಯ್ಡ್ ಬಳಸುವವರಿಗೆ ನಾನು ಮೊದಲು ಹೇಳುವುದು ಆ್ಯಂಟೆನಾಪಾಡ್. 2012ರಿಂದ ಸ್ವಯಂಸೇವಕರು ಕಟ್ಟಿಕೊಂಡು ಬಂದಿರುವ ಮುಕ್ತ ತಂತ್ರಾಂಶ ಅದು; ಖಾತೆ ತೆರೆಯಬೇಕಿಲ್ಲ, ಆ್ಯಪಿನದೇ ಜಾಹೀರಾತುಗಳಿಲ್ಲ, ಪ್ಲೇ ಸ್ಟೋರ್ ಮತ್ತು ಮುಕ್ತ ತಂತ್ರಾಂಶಗಳ ಆ್ಯಪ್ ಅಂಗಡಿಯಾದ ಎಫ್-ಡ್ರಾಯ್ಡ್ ಎರಡರಲ್ಲಿಯೂ ಉಚಿತವಾಗಿ ಸಿಗುತ್ತದೆ. ಓಪಿಎಂಎಲ್ ಅಲ್ಲದೆ, ಕೇಳಿದ ಇತಿಹಾಸವೂ ಸೇರಿದ ಪೂರ್ಣ ದತ್ತಸಂಚಯವನ್ನು ಒಂದು ಕಡತವಾಗಿ ತೆಗೆದಿಟ್ಟು, ಫೋನ್ ಬದಲಿಸಿದಾಗ ಹೊಸ ಫೋನಿನಲ್ಲಿ ಹಾಕಿಕೊಳ್ಳಬಹುದು. ಫೋನಿನಲ್ಲಿಯೂ ಕಂಪ್ಯೂಟರಿನಲ್ಲಿಯೂ ಕೇಳುವವರಿಗೆ ಪಾಕೆಟ್ ಕಾಸ್ಟ್ಸ್ ಹೆಚ್ಚು ಅನುಕೂಲ. ಅದು 2021ರಲ್ಲಿ ವರ್ಡ್‌ಪ್ರೆಸ್ ಡಾಟ್ ಕಾಮ್ ನಡೆಸುವ ಆಟೊಮ್ಯಾಟಿಕ್ ಕಂಪನಿಯ ಕೈಗೆ ಬಂದಿತು, 2022ರಲ್ಲಿ ಅದರ ಮೊಬೈಲ್ ಆ್ಯಪ್‌ಗಳ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಎಲ್ಲರಿಗೂ ತೆರೆದಿಡಲಾಯಿತು. ಐಫೋನಿನಲ್ಲಿ ಓವರ್‌ಕಾಸ್ಟ್ ಒಳ್ಳೆಯದು. ಆ್ಯಪಲ್‌ನದೇ ಪಾಡ್‌ಕಾಸ್ಟ್ಸ್ ಆ್ಯಪಿನಲ್ಲಿಯೂ ವಿಳಾಸ ಕೊಟ್ಟು ಕಾರ್ಯಕ್ರಮ ಸೇರಿಸಬಹುದು.

ಯೂಟ್ಯೂಬ್ ಮ್ಯೂಸಿಕ್‌ಗೇ ಹೋಗಿ ತೃಪ್ತರಾದವರೂ ಇದ್ದಾರೆ, ಅದರಲ್ಲಿ ತಪ್ಪೇನಿಲ್ಲ. ಅಲ್ಲಿ ಯೂಟ್ಯೂಬ್‌ನಲ್ಲಿ ಇಲ್ಲದ ಕಾರ್ಯಕ್ರಮವನ್ನೂ ಲೈಬ್ರರಿಯ ಪಾಡ್‌ಕಾಸ್ಟ್ ವಿಭಾಗದಲ್ಲಿ ಫೀಡ್ ವಿಳಾಸ ಕೊಟ್ಟು ಸೇರಿಸಬಹುದು. ಸ್ಪಾಟಿಫೈನಲ್ಲಿ ಮಾತ್ರ ಕೇಳುಗರು ತಮಗೆ ಬೇಕಾದ ಫೀಡ್ ವಿಳಾಸವನ್ನು ಅಂಟಿಸುವುದಕ್ಕಾಗಲಿ, ಓಪಿಎಂಎಲ್ ಕಡತವನ್ನು ಒಳತರುವುದಕ್ಕಾಗಲಿ ಆಗದು. ಅದರ ಕೋಶದಲ್ಲಿರುವ ಕಾರ್ಯಕ್ರಮಗಳನ್ನು ಒಂದೊಂದಾಗಿ ಹುಡುಕಿ ಫಾಲೋ ಒತ್ತಬೇಕು. ಹಾಡಿಗೂ ಮಾತಿಗೂ ಒಂದೇ ಆ್ಯಪ್ ಸಾಕೆನ್ನುವವರಿಗೆ ಅದು ಸರಿಹೋಗಬಹುದು, ನಲವತ್ತು ಕಾರ್ಯಕ್ರಮಗಳನ್ನು ಹೊತ್ತು ಹೊರಟವರಿಗೆ ಅಲ್ಲ.

ಹೊಸ ಮನೆ ಸೇರಿದ ಮೊದಲ ವಾರ

ಓಪಿಎಂಎಲ್ ಕಡತವನ್ನು ಒಳತಂದ ತಕ್ಷಣ ಎಲ್ಲ ಕಾರ್ಯಕ್ರಮಗಳೂ ಬಂದಿವೆಯೇ ಎಂದು ಎಣಿಸಿ, ನಾಲ್ಕೈದನ್ನು ನಿಜವಾಗಿ ಒತ್ತಿ ಒಂದು ನಿಮಿಷ ಕೇಳಿ. ಚಿತ್ರ ಮಾತ್ರ ಬಂದು ಸಂಚಿಕೆಗಳು ಬಾರದಿದ್ದರೆ ಆ ಕಾರ್ಯಕ್ರಮದವರು ತಮ್ಮ ಫೀಡನ್ನು ಬೇರೆ ವಿಳಾಸಕ್ಕೆ ಸಾಗಿಸಿರಬಹುದು. ಹೆಸರಿನಿಂದ ಹುಡುಕಿ ಹೊಸದನ್ನು ಸೇರಿಸಿ, ಹಳೆಯದನ್ನು ತೆಗೆಯಿರಿ. ಬಳಿಕ ಕೇಳಿ ಮುಗಿಸಿದ ಹಳೆಯ ಸಂಚಿಕೆಗಳನ್ನು ಒಟ್ಟಾಗಿ ‘ಕೇಳಿದ್ದು’ ಎಂದು ಗುರುತಿಸಿ, ನೀವು ಬರೆದಿಟ್ಟುಕೊಂಡ ಅರ್ಧ ಕೇಳಿದವನ್ನು ಮಾತ್ರ ಸಾಲಿಗೆ ಹಾಕಿ.

ಡೌನ್‌ಲೋಡ್ ಸೆಟ್ಟಿಂಗನ್ನು ಮೊದಲ ದಿನವೇ ನೋಡಿಕೊಳ್ಳದಿದ್ದರೆ ಒಂದೇ ಬೆಳಗಿನಲ್ಲಿ ದಿನದ ಡೇಟಾ ಮುಗಿಯಬಹುದು. 128 ಕೆಬಿಪಿಎಸ್ ಗುಣಮಟ್ಟದ ಒಂದು ಗಂಟೆಯ ಸಂಚಿಕೆಗೆ ಸುಮಾರು 58 ಎಂಬಿ ಬೇಕು. ಆ್ಯಪ್ ತಾನಾಗಿಯೇ ಮೂವತ್ತು ಸಂಚಿಕೆಗಳನ್ನು ಇಳಿಸಲು ಹೊರಟರೆ ಅದು 1,700 ಎಂಬಿ ದಾಟುತ್ತದೆ. ವೈ-ಫೈ ಇದ್ದಾಗ ಮಾತ್ರ ಡೌನ್‌ಲೋಡ್ ಎಂಬುದನ್ನು ಆರಿಸಿ, ಪ್ರತಿ ಕಾರ್ಯಕ್ರಮದ ಇತ್ತೀಚಿನ ಒಂದೆರಡು ಸಂಚಿಕೆಗಳಿಗೆ ಮಿತಿ ಹಾಕಿ.

ಇನ್ನೊಂದು ತೊಂದರೆಯನ್ನು ಜನ ಆ್ಯಪಿನ ದೋಷವೆಂದು ತಿಳಿದು ಅದನ್ನು ಅಳಿಸಿಬಿಡುತ್ತಾರೆ. ಪರದೆ ಆರಿದ ಕೆಲವು ನಿಮಿಷಗಳಲ್ಲಿ ಮಾತು ನಿಂತುಹೋಗುವುದು, ಹೊಸ ಸಂಚಿಕೆಗಳು ಬೆಳಗ್ಗೆ ಬಂದಿರದಿರುವುದು ಇವಕ್ಕೆ ಬಹಳ ಸಲ ಕಾರಣ ಫೋನಿನ ಬ್ಯಾಟರಿ ಉಳಿಸುವ ವ್ಯವಸ್ಥೆ. ಅದು ಹಿನ್ನೆಲೆಯಲ್ಲಿ ನಡೆಯುವ ಆ್ಯಪ್‌ಗಳನ್ನು ನಿಲ್ಲಿಸಿಬಿಡುತ್ತದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಪಿನ ಹೆಸರನ್ನು ತೆರೆದು, ಬ್ಯಾಟರಿಯ ಭಾಗದಲ್ಲಿ ‘ಅನ್‌ರಿಸ್ಟ್ರಿಕ್ಟೆಡ್’ ಅಥವಾ ಅದೇ ಅರ್ಥದ ಆಯ್ಕೆಯನ್ನು ಒತ್ತಿದರೆ ಸರಿಯಾಗುತ್ತದೆ.

ಮನೆಯ ಹಿರಿಯರಿಗೆ ಆ್ಯಪ್ ಬದಲಿಸಿಕೊಡುವವರು ಅವರ ಜೊತೆಯಲ್ಲಿಯೇ ಕುಳಿತು ಮಾಡಬೇಕೆಂದು ನನ್ನ ಕೋರಿಕೆ. ಫೋನನ್ನು ಕೈಗೆ ತೆಗೆದುಕೊಂಡು ಹತ್ತು ನಿಮಿಷದಲ್ಲಿ ಎಲ್ಲವನ್ನೂ ಬದಲಿಸಿ ಹಿಂತಿರುಗಿಸಿದರೆ ಅವರಿಗೆ ಹಳೆಯ ಆ್ಯಪ್ ಹೋದದ್ದಕ್ಕಿಂತ ಹೆಚ್ಚು ಅಪರಿಚಿತತೆ ಕಾಡುತ್ತದೆ. ಹೊಸ ಆ್ಯಪಿನ ಚಿತ್ರವನ್ನು ಹಳೆಯದು ಇದ್ದ ಜಾಗದಲ್ಲಿಯೇ ಇಡಿ, ಅಕ್ಷರಗಳನ್ನು ದೊಡ್ಡದು ಮಾಡಿ, ಕೆಲವು ಸೆಕೆಂಡು ಹಿಂದಕ್ಕೆ ಹೋಗುವ ಗುಂಡಿ ಯಾವುದೆಂದು ಅವರ ಬೆರಳಿನಿಂದಲೇ ಒತ್ತಿಸಿ. ನನ್ನ ಸೋದರತ್ತೆಯವರು ಮೂರು ದಿನ ಅಭ್ಯಾಸ ಮಾಡಿದ ಮೇಲೆ ನಾನು ಹಳೆಯ ಆ್ಯಪನ್ನು ಅಳಿಸಿದೆ, ಅದೂ ಅವರು ಹೇಳಿದ ಮೇಲೆ.

ಕಂಪನಿಗೆ ನಿಮ್ಮ ಅಸಮಾಧಾನವನ್ನು ತಿಳಿಸಬೇಕೆನಿಸಿದರೆ ಖಂಡಿತ ತಿಳಿಸಿ. ಒಂದು ನಕ್ಷತ್ರ ಕೊಟ್ಟು ಸುಮ್ಮನಾಗುವ ಬದಲು ನಿಮಗೆ ಯಾವ ಸೌಲಭ್ಯ ಬೇಕಿತ್ತು, ಅವರು ತೋರಿಸಿದ ಹೊಸ ಆ್ಯಪಿನಲ್ಲಿ ಯಾವುದು ಇಲ್ಲ, ಪಟ್ಟಿ ಹೊರತೆಗೆಯಲು ಇನ್ನೆಷ್ಟು ಕಾಲ ಬೇಕು ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ. ಗಡುವಿಗೆ ಮುಂಚೆ ಬರೆದರೆ ಅದಕ್ಕೆ ಅರ್ಥವಿರುತ್ತದೆ.

ಕೊನೆಯದಾಗಿ, ಫೋನಿನ ಕ್ಯಾಲೆಂಡರ್‌ನಲ್ಲಿ ಮೂರು ತಿಂಗಳಿಗೊಮ್ಮೆ ಬರುವ ಒಂದು ನೆನಪೋಲೆ ಹಾಕಿಕೊಳ್ಳಿ. ಅದು ಬಂದ ದಿನ ಆ್ಯಪ್ ತೆರೆದು ಓಪಿಎಂಎಲ್ ಕಡತವನ್ನು ಹೊರತೆಗೆದು ಅದೇ ಹೆಸರಿನಲ್ಲಿ, ಹೊಸ ದಿನಾಂಕದೊಡನೆ ನಿಮಗೇ ಇಮೇಲ್ ಮಾಡಿಕೊಳ್ಳಿ. ಎರಡು ನಿಮಿಷ ಸಾಕು.